ಕೆಲಸ ಬಿಡಿಸಿದವರು

ಹಾಲು ಕೆಡುತ್ತಿದೆ ಎಂಬುದು ನನಗೆ ಬೇರೆಯವರಿಗಿಂತ ಒಂದು ದಿನ ಮೊದಲೇ ಗೊತ್ತಾಗುತ್ತದೆ. ಇದು ಜಂಬವಲ್ಲ, ಕಸುಬು. ಧಾರವಾಡದಲ್ಲಿ ಹಾಲಿನ ಡೈರಿಯೊಂದರ ಪ್ರಯೋಗಾಲಯದಲ್ಲಿ ಏಳು ವರ್ಷ ಕೆಲಸ ಮಾಡಿದವಳು ನಾನು. ಬೆಳಿಗ್ಗೆ ಏಳಕ್ಕೆಲ್ಲ ಟ್ಯಾಂಕರುಗಳು ಬಂದು ಅಂಗಳದಲ್ಲಿ ಸಾಲಾಗಿ ನಿಲ್ಲುತ್ತಿದ್ದವು. ಬಿಳಿ ಕೋಟು ತೊಟ್ಟು ಒಂದೊಂದರಿಂದ ಮಾದರಿ ತೆಗೆದು, ಮೊದಲು ಮೂಸಿ, ಆಮೇಲೆ ಕಾಯಿಸಿ ನೋಡಿ, ಜಿಡ್ಡು ಅಳೆದು ನಾನು ಚೀಟಿ ಬರೆದ ಮೇಲೆಯೇ ಆ ಹಾಲು ಒಳಗೆ ಹೋಗಬೇಕು. ನಾನು ಬೇಡ ಎಂದರೆ ಇಡೀ ಟ್ಯಾಂಕರು ವಾಪಸು. ದಪ್ಪ ಮೀಸೆಯ ಡ್ರೈವರುಗಳು "ಅಕ್ಕಾರ, ಇನ್ನೊಂದ್ ಸಲ ನೋಡ್ರಿ" ಎಂದು ಕೈ ಮುಗಿಯುತ್ತಿದ್ದರು. ಇನ್ನೊಂದು ಸಲ ನೋಡುತ್ತಿದ್ದೆ. ಕೆಟ್ಟ ಹಾಲು ಎರಡನೇ ಸಲವೂ ಕೆಟ್ಟದ್ದೇ ಆಗಿರುತ್ತಿತ್ತು.

ಇದನ್ನೆಲ್ಲ ಮೊದಲಿಗೇ ಹೇಳಿಕೊಳ್ಳುತ್ತಿರುವುದು ಯಾಕೆಂದರೆ, ಎರಡು ಸಾವಿರದ ಹನ್ನೊಂದರಲ್ಲಿ ಮೂರು ವರ್ಷದ ಮಗಳನ್ನು ಎತ್ತಿಕೊಂಡು ಗಂಡನ ಹಿಂದೆ ಡಾಲಸ್‌ನಲ್ಲಿ ಇಳಿದ ದಿನದಿಂದ ನನಗೆ ಬೇಕಾಗಿದ್ದದ್ದು ಒಂದೇ, ಆ ಕೆಲಸ. ಅದೇ ಅಲ್ಲದಿದ್ದರೆ ಅಂಥದ್ದೇ ಇನ್ನೊಂದು. ಗಂಡ ಆಸ್ಪತ್ರೆಗಳ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವ ಕಂಪನಿಯಲ್ಲಿದ್ದರು. ಅವರ ವೀಸಾ ದುಡಿಯುವವರ ವೀಸಾ. ನನ್ನದು ಎಚ್-ಫೋರ್, ಅಂದರೆ ಅವರ ಹೆಂಡತಿ ಎಂಬ ಒಂದೇ ಕಾರಣಕ್ಕೆ ಕೊಟ್ಟದ್ದು. ಡ್ರೈವ್ ಮಾಡಬಹುದು, ಓದಬಹುದು, ಗುಡಿಗೆ ಹೋಗಿ ಭಜನೆ ಮಾಡಬಹುದು. ಕೆಲಸ ಮಾತ್ರ ಮಾಡುವ ಹಾಗಿಲ್ಲ. ಇಂಥವರನ್ನು ಡಿಪೆಂಡೆಂಟ್ ಎನ್ನುತ್ತಾರೆ ಎಂದು ತಿಳಿದಾಗ ಮೈ ಉರಿದುಹೋಯಿತು. ಗಂಡನ ಮೇಲೆ ಕೂಗಾಡಿದೆ. "ನಾ ಏನ್ ಮಾಡ್ಲಿ, ಆ ನಿಯಮ ನಾ ಮಾಡೀನೇನು?" ಎಂದರು. ಪಾಪ, ಅವರು ಮಾಡಿರಲಿಲ್ಲ.

ಡಾಲಸ್ ಪಕ್ಕದ ಸೌತ್‌ಲೇಕ್‌ನ ಅಂಚಿನಲ್ಲಿ ನಮ್ಮ ಬಾಡಿಗೆ ಮನೆ. ಸುತ್ತ ಎಲ್ಲ ದೊಡ್ಡ ದೊಡ್ಡ ಮನೆಗಳು, ನಮ್ಮ ಓಣಿಯಲ್ಲಿ ಮಾತ್ರ ಹಳೆಯ ಕಾಲದ ಸಣ್ಣ ಮನೆಗಳು ಉಳಿದಿದ್ದವು. ಗಂಡ ಆಫೀಸಿಗೆ, ಮಗಳು ಶಾಲೆಗೆ ಹೋದ ಮೇಲೆ ನಾನು ಫ್ರಿಜ್‌ನಿಂದ ಹಾಲಿನ ಕ್ಯಾನು ತೆಗೆದು ಸ್ಟೀಲ್ ಲೋಟಕ್ಕೆ ಸುರಿದು, ವಾಲಿಸಿ, ಲೋಟದ ಅಂಚಿಗೆ ಹಾಲು ಹೇಗೆ ಅಂಟಿಕೊಳ್ಳುತ್ತದೆ ಎಂದು ನೋಡುತ್ತ ನಿಲ್ಲುತ್ತಿದ್ದೆ. ಯಾರಿಗೂ ಬೇಡವಾದ ಪರೀಕ್ಷೆ. ಒಮ್ಮೆ ಗಂಡ ಏನೋ ಮರೆತು ವಾಪಸು ಬಂದವರು ಅದನ್ನು ನೋಡಿ, "ಪಾಸೋ ನಪಾಸೋ?" ಎಂದು ನಕ್ಕರು. ತಮಾಷೆಗೇ ಅಂದದ್ದು. ನಾನು ಲೋಟವನ್ನು ಸಿಂಕಿಗೆ ಎಸೆದುಬಿಟ್ಟೆ.

ಪಕ್ಕದ ಮನೆಯಲ್ಲಿ ಒಬ್ಬ ಅಮೆರಿಕನ್ ಹೆಂಗಸು ಇದ್ದರು. ಎಪ್ಪತ್ತು ದಾಟಿದ್ದರೂ ನೆಟ್ಟಗಿನ ಬೆನ್ನು. ಕಸದ ಡಬ್ಬಿ ರಸ್ತೆಗೆ ತಳ್ಳಿಕೊಂಡು ಬರುವಾಗಲೂ ತುಟಿಗೆ ಬಣ್ಣ ಇರಲೇಬೇಕು. ನಮ್ಮ ಮನೆಗಳ ಮೇಲೇ ವಿಮಾನಗಳು ಏರ್‌ಪೋರ್ಟಿಗೆ ಇಳಿಯುತ್ತಿದ್ದವು. ಪ್ರತಿಯೊಂದಕ್ಕೂ ಅವರು ತಲೆ ಎತ್ತುತ್ತಿದ್ದರು. ತಮ್ಮನ್ನು ಹೆಸರು ಹಿಡಿದು ಕರೆ ಎಂದರು. ಅಷ್ಟು ವಯಸ್ಸಾದವರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳಲಿಲ್ಲ, ಆಂಟಿ ಎಂದೆ. ನನಗೆ ಡ್ರೈವಿಂಗ್ ಕಲಿಸಿದವರು ಅವರೇ. ಗಂಡ ಕಲಿಸಲು ಹೋಗಿ ಎರಡನೇ ದಿನವೇ ನಾವಿಬ್ಬರೂ ಮಾತು ಬಿಟ್ಟಿದ್ದೆವು. ಆಂಟಿ ಮಾತ್ರ ನಾನು ಎಷ್ಟು ಸಲ ತಪ್ಪಿದರೂ ಮಡಿಲಲ್ಲಿ ಕೈ ಇಟ್ಟುಕೊಂಡು, ಇನ್ನೊಂದು ಸುತ್ತು ಹೋಗೋಣ ಎನ್ನುತ್ತಿದ್ದರು. ಅವರ ಎಡಗೈಯಲ್ಲಿ ತೆಳ್ಳನೆಯ ಬಂಗಾರದ ಉಂಗುರ ಇತ್ತು. ಅದೇ ನನ್ನನ್ನು ಫಜೀತಿಗೆ ಈಡುಮಾಡಿದ್ದು.

ಎರಡು ವರ್ಷ ಕಳೆದ ಮೇಲೆ ಅತ್ತೆ ಆರು ತಿಂಗಳಿಗೆಂದು ಧಾರವಾಡದಿಂದ ಬಂದರು. ಶ್ರಾವಣ ಬಂತು. ನಮ್ಮ ಕಡೆ ಶ್ರಾವಣದ ಶುಕ್ರವಾರ ಲಕ್ಷ್ಮಿಯ ಪೂಜೆ ಮಾಡಿ, ಮುತ್ತೈದೆಯನ್ನು, ಅಂದರೆ ಗಂಡ ಇರುವ ಹೆಂಗಸನ್ನು, ಊಟಕ್ಕೆ ಕರೆದು ಉಡಿ ತುಂಬುತ್ತಾರೆ. ಅವಳು ಸೆರಗು ಒಡ್ಡಿ ಕೂಡುತ್ತಾಳೆ, ಅದರೊಳಗೆ ಐದು ಬೊಗಸೆ ಅಕ್ಕಿ, ಕಾಯಿ, ಎಲೆ ಅಡಿಕೆ, ಕುಪ್ಪಸದ ಖಣ ಇಟ್ಟು ನಮಸ್ಕಾರ ಮಾಡುತ್ತೇವೆ. ಡಾಲಸ್‌ನಲ್ಲಿ ನಮ್ಮವರು ಎಲ್ಲ ಹಬ್ಬಗಳನ್ನೂ ಶನಿವಾರಕ್ಕೆ ಶಿಫ್ಟ್ ಮಾಡಿಬಿಟ್ಟಿದ್ದರು. ಗುರುತಿನ ಬೆಂಗಳೂರಿನವರೊಬ್ಬರಿಗೆ ಫೋನ್ ಮಾಡಿದರೆ, "ಶುಕ್ರವಾರ ನಂಗೆ ಆಫೀಸಲ್ಲಿ ಸಾಫ್ಟ್‌ವೇರ್ ರಿಲೀಸ್ ಇದೆ ಕಣ್ರೀ, ಶನಿವಾರ ಇಟ್ಕೋಬಾರ್ದಾ? ದೇವ್ರೇನು ಬೇಜಾರ್ ಮಾಡ್ಕೊಳಲ್ಲ" ಎಂದರು. ಆಫೀಸು ಇದ್ದವರ ಗತ್ತು ನೋಡಿ ನನ್ನ ಹೊಟ್ಟೆ ಉರಿಯಿತು. ಅತ್ತೆಯೋ ಜಗ್ಗುವವರಲ್ಲ. "ಶುಕ್ರವಾರ ಅಂದ್ರ ಶುಕ್ರವಾರ. ಇಷ್ಟ್ ದೊಡ್ಡ ದೇಶದಾಗ ನಿನಗ ಒಬ್ಬ ಮುತ್ತೈದಿ ಸಿಗೂದಿಲ್ಲೇನು?"

ಆಗ ಆಂಟಿಯ ಉಂಗುರ ನನ್ನ ಕಣ್ಣ ಮುಂದೆ ಬಂತು. ಅವರ ಮನೆಯಲ್ಲಿ ಗಂಡಸನ್ನು ನಾನು ಎಂದೂ ನೋಡಿರಲಿಲ್ಲ. ಆದರೆ ಅಮೆರಿಕದಲ್ಲಿ ಯಾರ ಮನೆಯಲ್ಲಿ ಯಾರು ಇದ್ದಾರೆ ಎಂದು ಯಾರು ಕೇಳುತ್ತಾರೆ? ಆಸ್ಪತ್ರೆಯಲ್ಲಿರಬಹುದು, ಮಗನ ಮನೆಯಲ್ಲಿರಬಹುದು ಎಂದುಕೊಂಡೆ. ಕೈಯಲ್ಲಿ ಮದುವೆಯ ಉಂಗುರ ಇದೆ, ಅಂದ ಮೇಲೆ ಗಂಡ ಇದ್ದಾನೆ. ನಮ್ಮ ಕಡೆ ತಾಳಿ, ಕಾಲುಂಗುರ ನೋಡಿ ಲೆಕ್ಕ ಹಾಕುವುದು ರೂಢಿಯಾದವಳು, ಇಲ್ಲಿಯೂ ಅದೇ ಲೆಕ್ಕ ಹಾಕಿದೆ. ಊಟಕ್ಕೆ ಬನ್ನಿ ಎಂದೆ, ಪೂಜೆ ಇದೆ ಎಂದೆ. ಆಂಟಿ ಸಂತೋಷದಿಂದ ಒಪ್ಪಿದರು.

ಹೂವಿನ ಲಂಗ ತೊಟ್ಟು, ಕೈಯಲ್ಲಿ ಕೇಕು ಹಿಡಿದು ಹನ್ನೆರಡಕ್ಕೆ ಸರಿಯಾಗಿ ಬಂದರು. ಮಣೆಯ ಮೇಲೆ ಕೂಡಿಸಿ ಕುಂಕುಮ ಹಚ್ಚಿದೆ. ಸೆರಗು ಇಲ್ಲವಲ್ಲ ಎಂದು ನನ್ನದೊಂದು ದುಪಟ್ಟಾ ಹೊದಿಸಿ ಅದರ ತುದಿ ಒಡ್ಡಲು ಹೇಳಿದೆ. ಮಾವ ತೀರಿಹೋಗಿದ್ದರು, ಹಾಗಾಗಿ ಅತ್ತೆ ಅಡುಗೆಮನೆ ಬಾಗಿಲಲ್ಲೇ ನಿಂತು ಅದನ್ನು ಇಡು, ಇದನ್ನು ಇಡು ಎಂದು ಹೇಳುತ್ತಿದ್ದರು. ಮೂರು ಬೊಗಸೆ ಅಕ್ಕಿ ಹಾಕಿದ್ದೆ. ಆಂಟಿ ಅತ್ತೆಯ ಕಡೆ ನೋಡಿ, ಅವರು ಯಾಕೆ ನನ್ನ ಪಕ್ಕ ಕೂಡುವುದಿಲ್ಲ ಎಂದು ಕೇಳಿದರು. ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ.

"ನಮ್ಮ ಮನಿಯವರು ಹೋಗಿ ಒಂಬತ್ತು ವರ್ಷ ಆತು, ನನಗ ಇದು ನಡ್ಯೂದಿಲ್ಲ ಅಂತ ಹೇಳು" ಎಂದರು ಅತ್ತೆ.

ಹೇಳಿದೆ. ಆಂಟಿ ಅತ್ತೆಯ ಮುಖವನ್ನೇ ನೋಡಿ, ತಮ್ಮ ಗಂಡ ಹೋಗಿ ಹನ್ನೊಂದು ವರ್ಷವಾಯಿತು ಎಂದರು.

ಬೊಗಸೆಯಲ್ಲಿ ನಾಲ್ಕನೇ ಸಲದ ಅಕ್ಕಿ ಹಿಡಿದು ನಾನು ಕಲ್ಲಾಗಿ ನಿಂತೆ. ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳುವ ಧೈರ್ಯ ಬರಲಿಲ್ಲ. ಆದರೆ ಅತ್ತೆಗೆ ಅಷ್ಟು ಇಂಗ್ಲಿಷು ತಿಳಿಯುತ್ತಿತ್ತು. ಅವರು ಬಾಗಿಲಿನ ಚೌಕಟ್ಟು ಹಿಡಿದುಕೊಂಡು ಆಂಟಿಯ ಕೈಯ ಉಂಗುರ ನೋಡಿದರು. ಆಮೇಲೆ, "ಹಾಕೂದು ಹಾಕಿಬಿಡು. ಅಕ್ಕಿ ಹಿಡಕೊಂಡು ಬೊಂಬಿ ಹಂಗ ನಿಲ್ಲಬ್ಯಾಡ" ಎಂದರು. ಹಾಕಿದೆ. ಆಂಟಿಗೆ ಏನೋ ತಪ್ಪಾಗಿದೆ ಎಂದು ಗೊತ್ತಾಗಿ, ಏನಾಯಿತು ಎಂದು ಕೇಳಿದರು. ಮುಚ್ಚಿಡಲು ಬರಲಿಲ್ಲ. ಉಂಗುರ ನೋಡಿ ನಿಮ್ಮ ಗಂಡ ಇದ್ದಾರೆ ಎಂದುಕೊಂಡೆ, ಎಂದುಬಿಟ್ಟೆ.

ಆಂಟಿ ನಗಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. ಊಟಕ್ಕೆ ಕೂತಾಗ ಆ ಉಂಗುರದ ಕತೆ ಹೇಳಿದರು. ನಾನು ವಾಕ್ಯಕ್ಕೊಮ್ಮೆ ನಿಲ್ಲಿಸಿ ಅತ್ತೆಗೆ ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ. ಹಾಗಾಗಿ ನನಗೆ ಅವರ ಕತೆ ನೆನಪಾಗುವುದು ಧಾರವಾಡದ ಮಾತಿನಲ್ಲೇ.

"ಇಪ್ಪತ್ತೆರಡಕ್ಕ ನನಗ ಏರ್ ಹೋಸ್ಟೆಸ್ ಕೆಲಸ ಸಿಕ್ತು. ಆಗ ಈ ದೊಡ್ಡ ಏರ್‌ಪೋರ್ಟ್ ಇರಲಿಲ್ಲ, ಡಾಲಸ್ ಊರೊಳಗಿಂದು ಹಳೇದು. ನಮ್ಮ ಊರಾಗ ಹುಡುಗ್ಯಾರು ಟೀಚರ್ ಆಗಬೇಕು, ಇಲ್ಲಾ ನರ್ಸ್ ಆಗಬೇಕು, ಇಲ್ಲಾ ಟೈಪಿಂಗ್ ಮಾಡಬೇಕು. ನಾ ವಿಮಾನ ಹತ್ತಿದೆ. ಜಾತ್ರಿಗೆ ಬಂದವರಗತೆ ಊರ ಮಂದಿ ನನ್ನ ನೋಡ್ಲಿಕ್ಕೆ ಬಂದ್ರು. ಬಿಳೇ ಕೈಗವಸ ಹಾಕ್ಕೋಬೇಕು, ತೂಕ ಏರಬಾರದು, ಆಗಾಗ ತಕ್ಕಡಿ ಮ್ಯಾಲೆ ನಿಲ್ಲಿಸಿ ನೋಡ್ತಿದ್ರು. ಮದುವಿ ಆದ್ರ ಕೆಲಸ ಬಿಡಬೇಕು. ಮೂವತ್ತೆರಡು ತುಂಬಿದ್ರ ಮದುವಿ ಆಗದಿದ್ರೂ ಬಿಡಬೇಕು."

"ಅಯ್ಯ ಶಿವನ, ಅಮೆರಿಕಾದಾಗ?" ಎಂದರು ಅತ್ತೆ, ಹೋಳಿಗೆಗೆ ತುಪ್ಪ ಹಾಕುತ್ತಿದ್ದ ಕೈ ತಡೆದು.

ಅಮೆರಿಕದಲ್ಲೇ. ಆಂಟಿ ಶಾಲೆಯೊಂದರ ಬ್ಯಾಂಡ್ ಮಾಸ್ತರರನ್ನು ಇಷ್ಟಪಟ್ಟರು. ಅವರನ್ನೂ ಬಿಡಲು ಮನಸ್ಸಿಲ್ಲ, ಕೆಲಸ ಬಿಡಲು ಮನಸ್ಸಿಲ್ಲ. ಸಣ್ಣ ಊರೊಂದರ ಕೋರ್ಟಿನಲ್ಲಿ ಯಾರಿಗೂ ಹೇಳದೆ ಮದುವೆಯಾದರು. ಆಮೇಲೂ ಜೊತೆ ಕೆಲಸದ ಹುಡುಗಿಯರ ಸಂಗಡವೇ ಒಂದೇ ಮನೆಯಲ್ಲಿ ಇದ್ದರು. ಪೌಡರ್ ಡಬ್ಬಿಯಲ್ಲಿ, ಪೌಡರ್ ಹಚ್ಚುವ ಮೆತ್ತೆಯ ಕೆಳಗೆ ಉಂಗುರ ಬಚ್ಚಿಡುತ್ತಿದ್ದರು. ಗಂಡನನ್ನು ಕಾಣಲು ಹೋಗುವಾಗ ಹಾಕಿಕೊಳ್ಳುವುದು, ವಿಮಾನ ಹತ್ತುವಾಗ ಡಬ್ಬಿಗೆ ಇಡುವುದು. ಹೀಗೆ ಹದಿನಾಲ್ಕು ತಿಂಗಳು. ಒಂದು ದಿನ ಬ್ಯಾಂಡ್ ಮಾಸ್ತರರ ಗೆಳೆಯನೊಬ್ಬ ಅದೇ ವಿಮಾನದಲ್ಲಿ ಬಂದ. ಇಳಿಯುವಾಗ ಸೂಪರ್‌ವೈಸರ್ ಎದುರಿಗೇ ಆಂಟಿಯ ಕೈ ಕುಲುಕಿ, ಮದುವೆ ಊಟ ಯಾವಾಗ ಹಾಕಿಸುತ್ತೀರಿ ಎಂದು ಕೇಳಿಬಿಟ್ಟ.

"ಸೂಪರ್‌ವೈಸರ್ ಹೆಂಗಸೇ. ಒಳಗ ಕರದು ಕುಂಡ್ರು ಅಂತನೂ ಅನಲಿಲ್ಲ. ಎದಿ ಮ್ಯಾಲಿನ ರೆಕ್ಕಿ ಬ್ಯಾಡ್ಜ್ ತಗದು ಟೇಬಲ್ ಮ್ಯಾಲೆ ಇಡು ಅಂದ್ಲು. ಇಟ್ಟೆ. ಹೊರಗ ಬಂದು ಕಾರಿನಾಗ ಕೂತು ಪೌಡರ್ ಡಬ್ಬಿ ತಗದು ಉಂಗುರ ಹಾಕ್ಕೊಂಡೆ. ಇನ್ನ ಯಾರಿಗೆ ಮುಚ್ಚಿಡೂದದ? ಅವತ್ತ ಹಾಕಿದ್ದು ಇನ್ನೂ ತಗದಿಲ್ಲ. ಮುಂದ ನನ್ನ ಸಂಗಡದ ಹುಡುಗ್ಯಾರು ಕೋರ್ಟಿಗೆ ಹೋದ್ರು, ಜಗಳಾಡಿದ್ರು, ಆ ನಿಯಮ ತಗಸಿದ್ರು. ಅಷ್ಟರಾಗ ನನಗ ಮೂರು ಮಕ್ಕಳು."

ಗಂಡ ಒಳ್ಳೆಯವರು, ಬಾಳು ಚೆನ್ನಾಗಿಯೇ ಆಯಿತು, ಮಕ್ಕಳು ದೊಡ್ಡವರಾದ ಮೇಲೆ ಒಂದು ಶಾಲೆಯ ಆಫೀಸಿನಲ್ಲಿ ಕೆಲಸವನ್ನೂ ಮಾಡಿದೆ ಎಂದರು. ಹೇಳುತ್ತಿದ್ದಂತೆ ಮೇಲೆ ವಿಮಾನ ಹೋಯಿತು. ಮನೆಯೊಳಗೆ ಕೂತಿದ್ದರೂ ಸೂರಿನ ಕಡೆ ತಲೆ ಎತ್ತಿದರು. ಐವತ್ತು ವರ್ಷವಾದರೂ ಚಕ್ರ ನೆಲಕ್ಕೆ ತಾಗುವುದು ಅಂಗಾಲಿಗೆ ಗೊತ್ತಾಗುತ್ತದಂತೆ. ಅದನ್ನೂ ನಾನು ಅತ್ತೆಗೆ ಹೇಳಿದೆ. ಡೈರಿಯಲ್ಲಿ ಹಾಲು ಕಾಯಿಸುತ್ತಿದ್ದ ಗಾಜಿನ ಕೊಳವೆಯ ಬಿಸಿ ಇನ್ನೂ ನನ್ನ ಬೆರಳ ತುದಿಯಲ್ಲಿ ಇತ್ತು.

ಆಂಟಿ ಉಡಿಯ ಸಾಮಾನನ್ನು ದುಪಟ್ಟಾದಲ್ಲೇ ಗಂಟು ಕಟ್ಟಿಕೊಂಡು ಹೋದರು. ಪಾತ್ರೆ ತೊಳೆಯುವಾಗ ಅತ್ತೆ ನನ್ನ ಮೇಲೆ ಬೀಳುತ್ತಾರೆ ಎಂದು ಕಾಯುತ್ತಿದ್ದೆ. "ಉಂಗುರ ನೋಡಿ ಮುತ್ತೈದಿ ಅಂತ ಕರಕೊಂಡ್ ಬಂದಿ, ಭಾಳ ಶಾಣ್ಯಾ ಇದ್ದಿ ನೋಡು" ಎಂದು ಒಂದು ಚುಚ್ಚಿದರು, ಅಷ್ಟೇ. ಸ್ವಲ್ಪ ಹೊತ್ತಾದ ಮೇಲೆ ತಾವಾಗಿಯೇ, "ನನಗೂ ಟೆಲಿಫೋನ್ ಆಫೀಸಿನಾಗ ಕೆಲಸಕ್ಕ ಕರದಿದ್ರು. ಪತ್ರ ಬಂದಿತ್ತು. ನಮ್ಮಪ್ಪ ಅದನ್ನ ಒಲಿಗೆ ಹಾಕಿದ" ಎಂದರು. ಹನ್ನೆರಡು ವರ್ಷ ಅವರ ಸೊಸೆಯಾಗಿದ್ದೆ, ಈ ಮಾತು ಒಂದು ಸಲವೂ ಕೇಳಿರಲಿಲ್ಲ. ಕೈಯಲ್ಲಿದ್ದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸಿದೆ.

ಎರಡು ಸಾವಿರದ ಹದಿನೈದರಲ್ಲಿ ನಮ್ಮ ನಿಯಮವೂ ಬದಲಾಯಿತು. ಗ್ರೀನ್ ಕಾರ್ಡಿನ ಸಾಲಿನಲ್ಲಿ ಇಂತಿಷ್ಟು ಮುಂದೆ ಹೋದವರ ಹೆಂಡಂದಿರು ಕೆಲಸ ಮಾಡಬಹುದು ಎಂದಾಯಿತು. ಅಷ್ಟರಲ್ಲಿ ಗಂಡನಿಗೆ ಹ್ಯೂಸ್ಟನ್‌ಗೆ ವರ್ಗವಾಗಿ ನಾವು ಅಲ್ಲಿನ ಮಿಸೌರಿ ಸಿಟಿ ಎಂಬ ಉಪನಗರಕ್ಕೆ ಶಿಫ್ಟ್ ಆಗಿದ್ದೆವು. ಅಂಚೆಯಲ್ಲಿ ಕೆಲಸದ ಅನುಮತಿಯ ಕಾರ್ಡು ಬಂದ ದಿನ ಅಂಚೆ ಡಬ್ಬಿಯ ಎದುರಿಗೇ ಲಕೋಟೆ ಹರಿದು, ಬಿಸಿಲಲ್ಲಿ ನಿಂತು ಗೊಳೋ ಎಂದು ಅತ್ತುಬಿಟ್ಟೆ. ಪಕ್ಕದ ಓಣಿಯ ಆಂಧ್ರದವರೊಬ್ಬರು ಹೆದರಿ, ಊರಲ್ಲಿ ಎಲ್ಲ ಆರಾಮಾಗಿದ್ದಾರಾ ಎಂದು ಹಿಂದಿಯಲ್ಲಿ ವಿಚಾರಿಸಿದರು. ಕಾರ್ಡಿನ ಫೋಟೋದಲ್ಲಿ ನಾನು ಕಳ್ಳಿಯ ಹಾಗೆ ಕಾಣುತ್ತಿದ್ದೆ. ಆದರೂ ಅದನ್ನು ದೇವರ ಮುಂದೆ ಇಟ್ಟು ಅರಿಷಿಣ ಕುಂಕುಮ ಹಚ್ಚಿದೆ. ಆಂಟಿಗೆ ಫೋನ್ ಮಾಡಿದರೆ ಅವರು ಆ ಕಡೆಯಿಂದ ಚಿಕ್ಕ ಹುಡುಗಿಯ ಹಾಗೆ ಕಿರುಚಿದರು.

ಕೆಲಸ ಅಷ್ಟು ಸಲೀಸಾಗಿ ಸಿಗಲಿಲ್ಲ. ಹೋದಲ್ಲೆಲ್ಲ, ಈ ನಾಲ್ಕು ವರ್ಷ ಏನು ಮಾಡುತ್ತಿದ್ದಿರಿ ಎಂದು ಕೇಳುವರು. ಮನೆಯಲ್ಲಿ ಹಾಲು ಮೂಸುತ್ತಿದ್ದೆ ಎಂದು ಬಾಯಿಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ. ಕೊನೆಗೆ ಆಹಾರ ಪರೀಕ್ಷಿಸುವ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಮೇಲಧಿಕಾರಿ ಕಪ್ಪು ವರ್ಣದ ಅಮೆರಿಕನ್ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವರು. ಅವರ ತಾಯಿ ಒಂದು ಕಾಲೇಜಿನ ಲ್ಯಾಬಿನಲ್ಲಿ ನೆಲ ಒರೆಸುತ್ತಿದ್ದರಂತೆ. ಅಲ್ಲಿನ ಗಾಜಿನ ಸಾಮಾನು ಮುಟ್ಟಬಾರದು ಎಂದು ಅಪ್ಪಣೆಯಾಗಿತ್ತಂತೆ. ಅದಕ್ಕೇ ಏನೋ, ಹೊಸಬರ ಕೈಗೆ ಅವರು ಮೊದಲು ಗಾಜಿನ ಸಾಮಾನನ್ನೇ ಕೊಡುತ್ತಿದ್ದರು.

ಆ ಒಂದೂವರೆ ವರ್ಷವನ್ನು ಹೇಗೆ ಹೇಳಲಿ! ಜಡೆಯನ್ನು ಮೇಲಕ್ಕೆ ಸುತ್ತಿ ಬಲೆಯ ಟೋಪಿ ಹಾಕಿ, ಬಿಳಿ ಕೋಟಿನ ಗುಂಡಿ ಹಾಕುವಾಗ ದಿನಾ ಎದೆ ಹಗುರಾಗುತ್ತಿತ್ತು. ಹಾಲು, ಚೀಸು, ಐಸ್ ಕ್ರೀಮು ಎಲ್ಲ ನನ್ನ ಮೇಜಿಗೇ. ಒಮ್ಮೆ ಐಸ್ ಕ್ರೀಮಿನ ಕಪ್ಪುಗಳ ಮುಚ್ಚಳ ತೆಗೆದವಳೇ, ಇದು ಸರಿ ಇಲ್ಲ ಎಂದೆ. ಇನ್ನೂ ಪರೀಕ್ಷೆ ಶುರುವಾಗಿರಲಿಲ್ಲ, ಜೊತೆಯವರು ನಕ್ಕರು. ಎರಡು ದಿನ ಬಿಟ್ಟು ಪರೀಕ್ಷೆಯ ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಚುಕ್ಕಿಚುಕ್ಕಿಯಾಗಿ ಬೆಳೆದಿತ್ತು. ಅಂದಿನಿಂದ ಮೇಲಧಿಕಾರಿ ಯಾವುದೇ ಡಬ್ಬಿ ತೆರೆದರೂ ಮೊದಲು ನನ್ನ ಮೂಗಿನ ಹತ್ತಿರ ತರುತ್ತಿದ್ದರು. ಮನೆ ಅಸ್ತವ್ಯಸ್ತವಾಯಿತು. ಗಂಡ ಉಪ್ಪಿಟ್ಟು ಮಾಡಲು ಕಲಿತರು, ಅದು ಗಟ್ಟಿಯಾಗಿ ಚೂರಿಯಿಂದ ಕತ್ತರಿಸುವ ಹಾಗೆ ಇರುತ್ತಿತ್ತು. ಮಗಳು "ಅಮ್ಮಾ, ಯೂ ಸ್ಮೆಲ್ ಲೈಕ್ ಸೋಪ್" ಎನ್ನುತ್ತ ನನ್ನ ತೋಳಿಗೆ ಮೂಗು ಉಜ್ಜುತ್ತಿದ್ದಳು.

ಎರಡು ಸಾವಿರದ ಹದಿನೇಳರಲ್ಲಿ ಗಂಡನಿಗೆ ಬಡ್ತಿ ಬಂತು, ಆಸ್ಟಿನ್‌ನಲ್ಲಿ. ಹ್ಯೂಸ್ಟನ್‌ನಿಂದ ಮೂರು ತಾಸಿನ ದಾರಿ. ಅಂದು ಊಟದ ಮೇಜಿನ ಮೇಲೆ ಅವರು ನೇರವಾಗಿಯೇ ಹೇಳಿದರು.

"ನೀ ಇಲ್ಲೇ ಇರ್ತೀನಿ ಅಂದ್ರ ಇರು. ನಾ ಶುಕ್ರವಾರ ಬಂದು ಸೋಮವಾರ ಹೋಗ್ತೀನಿ. ಎಷ್ಟೋ ಮಂದಿ ಹಂಗ ಮಾಡ್ತಾರ. ನಿನ್ನ ಇಷ್ಟ."

ನಿನ್ನ ಇಷ್ಟ. ಬಾ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಮಗಳನ್ನು ಕೇಳಿದರೆ "ಐಯಾಮ್ ಓಕೆ ವಿತ್ ಎನಿಥಿಂಗ್, ಅಮ್ಮಾ" ಎಂದಳು. ಅತ್ತೆ ಧಾರವಾಡದಿಂದ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದರು: "ಕೆಲಸ ಬಿಡಬ್ಯಾಡ ನಮ್ಮವ್ವಾ. ಅವಾ ನಾಕ್ ದಿನ ಹೊರಗ ಉಂಡ್ರ ಸಾಯೂದಿಲ್ಲ. ನನ್ನ ಮಗನ್ನ ನಾ ಬಲ್ಲೆ." ಎಲ್ಲರೂ ಬಾಗಿಲು ತೆರೆದು ಹಿಡಿದು ನಿಂತಿದ್ದರು.

ಒಂದು ವಾರ ಕಳೆಯಿತು. ಭಾನುವಾರ ಗಂಡ ಆಸ್ಟಿನ್‌ನ ಅಪಾರ್ಟ್‌ಮೆಂಟಿಗೆಂದು ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಸಾಮಾನು ತುಂಬುತ್ತಿದ್ದರು. ಒಂದು ಸಣ್ಣ ಕುಕ್ಕರು, ಒಂದು ತಟ್ಟೆ, ಒಂದು ಲೋಟ. ಒಂದೊಂದೇ ಇಟ್ಟುಕೊಳ್ಳುತ್ತಿದ್ದರು. ನಾನು ಹೋಗಿ ಇನ್ನೆರಡು ತಟ್ಟೆ ತಂದು ಆ ಪೆಟ್ಟಿಗೆಯೊಳಗೆ ಇಟ್ಟೆ. ಅವರು ಏನೂ ಅನ್ನಲಿಲ್ಲ. ಮರುದಿನ ಹೋಗಿ ರಾಜೀನಾಮೆ ಕೊಟ್ಟೆ. ಮೇಲಧಿಕಾರಿ ಕಾಗದವನ್ನು ಎರಡು ಸಲ ಓದಿ, ನಿನ್ನ ಜಾಗ ಎರಡು ತಿಂಗಳು ಖಾಲಿ ಇಡುತ್ತೇನೆ, ಮನಸ್ಸು ಬದಲಾದರೆ ಬಾ ಎಂದರು. ಕೋಟು ಕಳಚಿ ಮೊಳೆಗೆ ತಗುಲಿ ಹಾಕಿದೆ. ಬದಲಾಗಲು, ಈ ಕೆಲಸ ಬೇಡ ಎಂದು ನನ್ನ ಮನಸ್ಸು ಯಾವತ್ತಾದರೂ ಅಂದಿತ್ತೇ?

ಆಸ್ಟಿನ್‌ನಲ್ಲಿ ಮನೆ ಒಳ್ಳೆಯದೇ ಸಿಕ್ಕಿತು. ಹಿತ್ತಲಲ್ಲಿ ಓಕ್ ಮರ, ನಡೆದು ಹೋಗುವಷ್ಟು ಹತ್ತಿರ ಶಾಲೆ. ನಮ್ಮ ಊರಿನ ಕಡೆಯವರದೂ ನಾಲ್ಕಾರು ಮನೆ. ಕೆಲಸಕ್ಕೆ ಅರ್ಜಿ ಹಾಕಿದೆ. ಒಂದು ಕಡೆ ಅಲ್ಲೇ ಕೆಲಸದಲ್ಲಿದ್ದವರನ್ನೇ ಆ ಜಾಗಕ್ಕೆ ತೆಗೆದುಕೊಂಡರು, ಇನ್ನೊಂದು ಕಡೆ ಉತ್ತರವೇ ಇಲ್ಲ. ಮೊದಲ ಎರಡು ತಿಂಗಳು ದಿನಾ ಬೆಳಿಗ್ಗೆ ಆ ಖಾಲಿ ಜಾಗದ ನೆನಪಾಗಿ, ಇವತ್ತು ಫೋನ್ ಮಾಡಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಮಗಳ ಡಬ್ಬಿ ಕಟ್ಟುತ್ತಿದ್ದೆ, ಗಂಡನ ಅಂಗಿ ಹುಡುಕುತ್ತಿದ್ದೆ, ಆಮೇಲೆ ಹತ್ತು ಗಂಟೆಯಾಗುತ್ತಿತ್ತು. ಅಲ್ಲಿ ಈಗ ಮಾದರಿಗಳು ಬಂದಿರುತ್ತವೆ, ಡಬ್ಬಿಗಳ ಮುಚ್ಚಳ ತೆಗೆಯುತ್ತಿರುತ್ತಾರೆ. ಯಾರ ಮೂಗಿನ ಹತ್ತಿರ ತರುತ್ತಾರೋ! ಎರಡು ತಿಂಗಳು ತುಂಬಿದ ದಿನ ಕ್ಯಾಲೆಂಡರಿನಲ್ಲಿ ಅದನ್ನು ನೋಡಿಯೂ ನೋಡದವಳ ಹಾಗೆ ಹೋಗಿ ಬಟ್ಟೆ ಮಡಚಿದೆ.

ಮರುವರ್ಷ ಒಂದು ಶನಿವಾರ ಡಾಲಸ್‌ಗೆ ಮದುವೆಗೆಂದು ಹೋದವಳು ಆಂಟಿಯನ್ನು ನೋಡಲು ಹೋದೆ. ಸೌತ್‌ಲೇಕ್‌ನ ಮನೆ ಬಿಟ್ಟು ವಯಸ್ಸಾದವರಿಗೆಂದೇ ಕಟ್ಟಿದ ವಸತಿಯಲ್ಲಿ ಇದ್ದರು. ಬೆನ್ನು ಸ್ವಲ್ಪ ಬಾಗಿತ್ತು, ತುಟಿಗೆ ಬಣ್ಣ ಇತ್ತು. ಗಂಡ, ಮಗಳು ನಮಸ್ಕಾರ ಹೇಳಿ ಹೊರಗೆ ತೋಟಕ್ಕೆ ಹೋದರು. ನಾವಿಬ್ಬರೇ ಉಳಿದೆವು. ಚಹಾ ಕೊಟ್ಟು, ಲ್ಯಾಬು ಹೇಗಿದೆ ಎಂದು ಕೇಳಿದರು. ಅವರ ಇಂಗ್ಲಿಷು ಈಗಲೂ ನನ್ನ ಕಿವಿಯೊಳಗೆ ಬೀಳುವಾಗ ನಮ್ಮ ಮಾತೇ ಆಗಿಬಿಡುತ್ತದೆ.

"ಬಿಟ್ಟೆ" ಎಂದೆ.

"ಯಾರು ಬಿಡಿಸಿದ್ರು?"

"ಯಾರೂ ಇಲ್ಲ ಆಂಟಿ."

"ಗಂಡ ಬ್ಯಾಡ ಅಂದ್ನೇನು?"

"ಇಲ್ಲ. ನಿನ್ನ ಇಷ್ಟ ಅಂದ್ರು."

"ಆ ಬಾಗಲ್ದಾಗ ನಿಂತಿದ್ರಲ್ಲ, ನಿಮ್ಮತ್ತಿ? ಆಕಿ ಅಂದ್ಳೇನು?"

"ಅವರು ಬಿಡಬ್ಯಾಡ ಅಂತನ ಹೇಳಿದ್ರು."

"ಮತ್ತ ಸರ್ಕಾರ? ಕಾರ್ಡ್ ಕಸಗೊಂಡ್ರೇನು?"

"ಇಲ್ಲ. ಪರ್ಸಿನಾಗ ಅದ."

ಆಂಟಿ ಕಪ್ಪು ಕೆಳಗಿಟ್ಟರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು.

"ನಾ ಆ ಸೂಪರ್‌ವೈಸರ್ ಮ್ಯಾಲೆ ಐವತ್ತು ವರ್ಷ ಸಿಟ್ಟು ಮಾಡೀನಿ. ಆಕಿ ಸತ್ಲು ಅಂತ ಕೇಳಿದ ಮ್ಯಾಲೂ ಬಿಟ್ಟಿಲ್ಲ. ಕಂಪನಿ ಮ್ಯಾಲೆ ಸಿಟ್ಟು, ಆ ಗೆಳೆಯನ ಮ್ಯಾಲೆ ಸಿಟ್ಟು. ಆ ಸಿಟ್ಟು ಇತ್ತಂತ ನಾ ನೆಟ್ಟಗ ಇದ್ದೆ. ನೀ ಯಾರ ಮ್ಯಾಲೆ ಮಾಡ್ತಿ?"

ನನ್ನ ಕಣ್ಣಲ್ಲಿ ನೀರು ಬಂತು. ಅವರು ಸಮಾಧಾನ ಹೇಳಲಿಲ್ಲ, ಟಿಶ್ಯೂ ಡಬ್ಬಿಯನ್ನು ನನ್ನ ಕಡೆ ತಳ್ಳಿ ಕಿಟಕಿಯ ಹೊರಗೆ ನೋಡುತ್ತ ಕೂತರು. ಹೊರಡುವಾಗ ಅಪ್ಪಿಕೊಂಡು ಬಹಳ ಹೊತ್ತು ಬಿಡಲಿಲ್ಲ.

ವಾಪಸು ಬರುವಾಗ ಮಗಳು ಹಿಂದಿನ ಸೀಟಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಿದ್ದೆ ಹೋಗಿದ್ದಳು. ಗಂಡ ಡ್ರೈವ್ ಮಾಡುತ್ತಿದ್ದರು. ಬಿಸಿಲು ಅವರ ಕೈ ಮೇಲೆ ಬೀಳುತ್ತಿತ್ತು. ನಡುದಾರಿಯ ವೇಕೊ ಊರು ದಾಟಿದ ಮೇಲೆ ಕೇಳಿದೆ. ಒಂದೂವರೆ ವರ್ಷದಿಂದ ಕೇಳದೇ ಇದ್ದದ್ದು.

"ಅವತ್ತ ನಾ ನಿಮ್ಮ ಪೆಟ್ಟಿಗ್ಯಾಗ ತಟ್ಟಿ ಇಟ್ಟಾಗ ನೀವು ಯಾಕ ಸುಮ್ಮನಿದ್ರಿ? ಕೆಲಸ ಬಿಡಬ್ಯಾಡ ಅಂತ ಒಂದ್ ಮಾತು ಯಾಕ ಅನಲಿಲ್ಲ?"

ಅವರು ಮುಂದಿನ ಲಾರಿಯನ್ನು ದಾಟಿ, ಮತ್ತೆ ತಮ್ಮ ಲೇನಿಗೆ ಬಂದು, ರಸ್ತೆಯನ್ನೇ ನೋಡುತ್ತ ಹೇಳಿದರು.

"ಬಾಯಿತನಕ ಬಂದಿತ್ತು. ಅಂದಿದ್ರ ನೀ ಅಲ್ಲೇ ಉಳಿದುಬಿಡ್ತಿದ್ದಿ. ಅದಕ್ಕ ಅನಲಿಲ್ಲ."

ಸಿಟ್ಟು ಬರುತ್ತದೆ ಎಂದು ಕಾದೆ. ಬರಲಿಲ್ಲ. ನನ್ನನ್ನು ಬಿಟ್ಟು ನಾಲ್ಕು ದಿನ ಇರಲಾರದ ಮನುಷ್ಯನೊಬ್ಬ ಪಕ್ಕದಲ್ಲಿ ಕೂತಿದ್ದಾನೆ, ಎಷ್ಟು ಹೆಂಗಸರಿಗೆ ಈ ಭಾಗ್ಯ ಇದೆ ಎಂದು ಖುಷಿಪಡಲು ನೋಡಿದೆ. ಆಗಲಿಲ್ಲ. ನನಗೆ ಆ ಕೆಲಸ ಬೇಕಾಗಿತ್ತು.